ಬಳಸಿದ ನೀರು ಮತ್ತೆ ಶುದ್ಧವಾಗುವುದು ಯಾವಾಗ?

ಹಿಜಿರಾ 1398, ಅಂದರೆ ಕ್ರಿ.ಶ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯ ಮುಂದೆ ಒಂದು ಹೊಸ ಪ್ರಶ್ನೆ ಬಂತು. ಚರಂಡಿಯಲ್ಲಿ ಹರಿದ ಕೊಳಚೆ ನೀರನ್ನು ಯಂತ್ರಗಳ ಮೂಲಕ ಶುದ್ಧೀಕರಿಸಿದರೆ ಅದರಿಂದ ವುಝೂ ಮಾಡಬಹುದೇ? ಅದನ್ನು ಕುಡಿಯಬಹುದೇ? ತೈಲದ ಹಣದಿಂದ ಆ ದೇಶದ ನಗರಗಳು ವೇಗವಾಗಿ ಬೆಳೆಯುತ್ತಿದ್ದ ಕಾಲವದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡಿನಲ್ಲಿ ಮನೆಗಳಿಂದ ಹೊರಬೀಳುವ ನೀರನ್ನು ಮರಳಿಗೆ ಸುರಿದು ಕೈತೊಳೆದುಕೊಳ್ಳುವಂತಿರಲಿಲ್ಲ.

ಪ್ರಶ್ನೆ ಹೊಸದಾದರೂ ಅದರ ಬೇರು ಹಳೆಯದು. ನೀರಿನ ಶುದ್ಧಾಶುದ್ಧಿಯ ವಿಚಾರ ಕರ್ಮಶಾಸ್ತ್ರದ ಗ್ರಂಥಗಳಲ್ಲಿ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಮಾಲಿನ್ಯ ಬಿದ್ದು ನೀರಿನ ಬಣ್ಣ, ವಾಸನೆ ಅಥವಾ ರುಚಿ ಬದಲಾದರೆ ಆ ನೀರು ಅಶುದ್ಧ. ಆದರೆ ನೀರು ಎಷ್ಟಿದೆ ಎಂಬುದೂ ಮುಖ್ಯ. ಕರಾವಳಿಯಲ್ಲಿ ಹೆಚ್ಚಾಗಿ ಪಾಲನೆಯಲ್ಲಿರುವ ಶಾಫಿ ಮದ್‌ಹಬ್ ಎರಡು ಕುಲ್ಲತ್‌ನಷ್ಟು ನೀರನ್ನು ಗಡಿಯಾಗಿಟ್ಟುಕೊಂಡಿದೆ. ಬಯಲುಸೀಮೆಯಲ್ಲಿ ಹೆಚ್ಚು ಪ್ರಚಲಿತವಾಗಿರುವ ಹನಫಿ ಮದ್‌ಹಬ್‌ನಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝಿನ ಲೆಕ್ಕವಿದೆ. ಮಸೀದಿಯ ಅಂಗಳದ ಹೌಝ್ ಹೀಗೆ ಒಂದು ನಿಯಮದ ಪ್ರಕಾರ ಅಳೆದು ಕಟ್ಟಿದ ಕೊಳ.

ಅಶುದ್ಧವಾದ ಹೆಚ್ಚಿನ ಪ್ರಮಾಣದ ನೀರು ಮತ್ತೆ ಶುದ್ಧವಾಗುವ ದಾರಿಯನ್ನೂ ಹಳೆಯ ವಿದ್ವಾಂಸರು ಹೇಳಿದ್ದರು. ಶುದ್ಧ ನೀರು ಬಂದು ಸೇರಿದರೆ, ದೀರ್ಘಕಾಲ ನಿಂತು ತಿಳಿಯಾದರೆ, ಬಿಸಿಲು ಗಾಳಿಗಳ ಪ್ರಭಾವದಿಂದ ಬದಲಾವಣೆ ಅಳಿದುಹೋದರೆ ನೀರು ತನ್ನ ಮೂಲ ಸ್ಥಿತಿಗೆ ಮರಳುತ್ತದೆ. 1978ರ ಮಂಡಳಿ ಈ ತತ್ವವನ್ನೇ ಆಧಾರವಾಗಿ ತೆಗೆದುಕೊಂಡಿತು. ಬಿಸಿಲು, ಗಾಳಿ ಮತ್ತು ಕಾಲ ನಿಧಾನವಾಗಿ ಮಾಡುವ ಕೆಲಸವನ್ನು ಯಂತ್ರ ಬೇಗನೆ, ಇನ್ನೂ ಚೆನ್ನಾಗಿ ಮಾಡುವುದಾದರೆ ಫಲಿತಾಂಶವನ್ನು ಏಕೆ ಒಪ್ಪಬಾರದು? ಮಾಲಿನ್ಯದ ಬಣ್ಣ, ವಾಸನೆ, ರುಚಿ ಪೂರ್ತಿ ಹೋದ ನೀರು ಶುದ್ಧ; ಅದರಿಂದ ವುಝೂ ಮಾಡಬಹುದು ಎಂದು ಮಂಡಳಿ ತೀರ್ಪಿತ್ತಿತು. ಕುಡಿಯುವುದಕ್ಕೂ ಅನುಮತಿಯಿದೆ, ಆದರೆ ಆರೋಗ್ಯಕ್ಕೆ ಹಾನಿಯಿದ್ದರೆ ಸಲ್ಲದು. ಮನುಷ್ಯ ಸಹಜವಾಗಿ ಹೇಸುವ ಕಾರಣ, ಸಾಧ್ಯವಿದ್ದಲ್ಲಿ ಕುಡಿಯಲು ಬಳಸದಿರುವುದೇ ಲೇಸು ಎಂದೂ ಅದು ಸಲಹೆ ಮಾಡಿತು.

ಈ ಫತ್ವಾ ಪ್ರಸ್ತಾಪವಾದಾಗಲೆಲ್ಲ 'ಅನುಮತಿ ಸಿಕ್ಕಿತು' ಎಂಬಷ್ಟಕ್ಕೇ ಮಾತು ನಿಲ್ಲುತ್ತದೆ. ಅದರೊಳಗಿನ ಎರಡು ಷರತ್ತುಗಳು ಅಷ್ಟೇ ಮಹತ್ವದವು. ಮೊದಲನೆಯದು, ನೀರು ಶುದ್ಧವಾಗಿದೆ ಎಂದು ವಿಷಯ ಬಲ್ಲ, ನಂಬಿಕಸ್ಥ ತಜ್ಞರು ಸಾಕ್ಷಿ ನುಡಿಯಬೇಕು. ಎರಡನೆಯದು, ಆರೋಗ್ಯಕ್ಕೆ ಹಾನಿಯಾಗಬಾರದು. ಕಾರ್ಖಾನೆಯಿಂದ ಬಂದ ಸೀಸಕ್ಕಾಗಲಿ ಕ್ಯಾಡ್ಮಿಯಮ್‌ಗಾಗಲಿ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕಣ್ಣು ಮೂಗುಗಳು ಪತ್ತೆ ಹಚ್ಚಲಾರವು, ಪ್ರಯೋಗಾಲಯವೇ ಹಚ್ಚಬೇಕು. ಆದ್ದರಿಂದ ಯಂತ್ರವೊಂದಿದ್ದರೆ ಸಾಲದು, ಯಂತ್ರದ ಹಿಂದೆ ಸುಳ್ಳು ಹೇಳದ ಮನುಷ್ಯನೂ ಇರಬೇಕು.

ಫತ್ವಾಕ್ಕಿಂತ ಹತ್ತು ವರ್ಷ ಮೊದಲೇ, ಧರ್ಮಶಾಸ್ತ್ರದ ಚರ್ಚೆಯ ಸಂಬಂಧವಿಲ್ಲದ ಒಂದು ನಗರ ಇದೇ ಪಾಠವನ್ನು ಅನುಭವದಿಂದ ಕಲಿತಿತ್ತು. ಅದು ಈಗಿನ ನಮೀಬಿಯಾದ ರಾಜಧಾನಿ ವಿಂಡ್‌ಹುಕ್. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 370 ಮಿಲಿಮೀಟರ್. ಬತ್ತದ ನದಿ ಬೇಕೆಂದರೆ ನೂರಾರು ಕಿಲೋಮೀಟರ್ ಹೋಗಬೇಕು. ಬುಗ್ಗೆಗಳು, ಕೊಳವೆಬಾವಿಗಳು ಸಾಲದಾದಾಗ 1968ರಲ್ಲಿ ಆ ನಗರ ಗೊರೆಂಗಾಬ್ ಎಂಬಲ್ಲಿ ಒಂದು ಘಟಕ ಕಟ್ಟಿ, ಶುದ್ಧೀಕರಿಸಿದ ಕೊಳಚೆ ನೀರನ್ನು ನೇರವಾಗಿ ಕುಡಿಯುವ ನೀರಿನ ಜಾಲಕ್ಕೆ ಸೇರಿಸಿತು. ಜಗತ್ತಿನಲ್ಲಿ ಒಂದು ನಗರ ಹಾಗೆ ಮಾಡಿದ್ದು ಅದೇ ಮೊದಲು. 2002ರಲ್ಲಿ ದಿನಕ್ಕೆ 2.1 ಕೋಟಿ ಲೀಟರ್ ಸಾಮರ್ಥ್ಯದ ಹೊಸ ಘಟಕ ಬಂತು. ಅಲ್ಲಿ ನೀರು ಓಝೋನ್, ಇದ್ದಿಲು, ಸೂಕ್ಷ್ಮ ಪೊರೆ, ಕ್ಲೋರಿನ್ ಹೀಗೆ ಒಂದರ ಹಿಂದೊಂದು ತಡೆಗಳನ್ನು ದಾಟಿ ಬರುತ್ತದೆ.

ಆದರೆ ಆ ನಗರದ ಜಾಣತನ ಯಂತ್ರಕ್ಕಿಂತ ಮೊದಲೇ ಶುರುವಾಗುತ್ತದೆ. ಕಾರ್ಖಾನೆಗಳ ತ್ಯಾಜ್ಯ ನೀರನ್ನು ಮನೆಗಳ ನೀರಿನ ಜೊತೆ ಬೆರೆಯಲು ಅದು ಬಿಡಲಿಲ್ಲ. ಅದಕ್ಕೆ ಬೇರೆ ದಾರಿ, ಬೇರೆ ಘಟಕ ಮಾಡಿತು. ಶುದ್ಧೀಕರಿಸಿದ ನೀರನ್ನು ಇತರ ಮೂಲಗಳ ನೀರಿನೊಂದಿಗೆ ಬೆರೆಸಿಯೇ ಕೊಡಲಾಗುತ್ತದೆ. ಗುಣಮಟ್ಟವನ್ನು ಎಡೆಬಿಡದೆ ಪರೀಕ್ಷಿಸಲಾಗುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಜನ ಆ ನೀರು ಕುಡಿಯುತ್ತಿದ್ದಾರೆ.

ಈ ಇತಿಹಾಸವನ್ನು ನಾವು ಓದಬೇಕಾದ್ದು ಕೋಲಾರದ ಕಾರಣಕ್ಕಾಗಿ. ಬತ್ತದ ನದಿಯೊಂದೂ ಇಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗದ ಆ ಜಿಲ್ಲೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಲ್ಲಿ ಹರಿಯತೊಡಗಿತು. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ ನೂರಕ್ಕೂ ಹೆಚ್ಚು ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಗುರಿ. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಜನ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್ ತಡೆ ನೀಡಿತು, ಆ ಬಳಿಕ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಏಪ್ರಿಲಿನಲ್ಲಿ ಅದು ತೆರವಾಗಿ ನೀರು ಮತ್ತೆ ಹರಿಯಿತು.

ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿದವು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಇದು ಸಣ್ಣ ಉಪಕಾರವಲ್ಲ. ಆದರೆ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಸಾಲದು, ಮೂರನೇ ಹಂತವೂ ಬೇಕು ಎಂಬ ಅಲ್ಲಿನ ಜನರ ಕೂಗು ನಿಂತಿಲ್ಲ. ಕೆರೆಯಿಂದ ಇಂಗುವ ನೀರು ಕೊನೆಗೆ ಸೇರುವುದು ಅವರು ಕುಡಿಯುವ ಅಂತರ್ಜಲವನ್ನೇ. ಹೀಗಿರುವಾಗ ಆ ಕೂಗನ್ನು ಅಜ್ಞಾನವೆಂದೋ ಅಭಿವೃದ್ಧಿಗೆ ಅಡ್ಡಿಯೆಂದೋ ತಳ್ಳಿಹಾಕುವುದು ಅನ್ಯಾಯ. ಅವರು ಕೇಳುತ್ತಿರುವುದು ವಿದ್ವಾಂಸರು 1978ರಲ್ಲಿ ಕೇಳಿದ್ದನ್ನೇ: ಈ ನೀರು ಹಾನಿ ಮಾಡದು ಎಂದು ಬಲ್ಲವರು, ನಂಬಬಹುದಾದವರು ಸಾಕ್ಷಿ ಹೇಳಲಿ.

ನಗರವು ತಾನು ಬಳಸಿ ಬಿಟ್ಟ ನೀರನ್ನು ಹಳ್ಳಿಗೆ ಕಳಿಸುವಾಗ ಅದರೊಂದಿಗೆ ಒಂದು ಹೊಣೆಯೂ ಹೋಗಬೇಕು. ಕಾರ್ಖಾನೆಯ ವಿಷ ಚರಂಡಿ ಸೇರದಂತೆ ಮೂಲದಲ್ಲೇ ತಡೆಯುವುದು, ಪ್ರತಿ ಕೆರೆಯ ನೀರನ್ನು ಕ್ರಮವಾಗಿ ಪರೀಕ್ಷಿಸುವುದು, ಆ ವರದಿಯನ್ನು ಊರಿನ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸುವುದು ಆ ಹೊಣೆಯ ಭಾಗ. ಬೆಂಗಳೂರಿನ ಕೊಳಾಯಿಗೆ ಬರುವ ಕಾವೇರಿ ನೀರಿಗೆ ಪರೀಕ್ಷೆ ಬೇಕಾದರೆ, ಅದೇ ನೀರು ಎರಡನೇ ಬಾರಿ ಕೋಲಾರಕ್ಕೆ ಹೊರಟಾಗ ಇನ್ನೂ ಹೆಚ್ಚಿನ ಪರೀಕ್ಷೆ ಬೇಡವೇ?