ಲ್ಯೂಟ್ ಯಾಕೆ ಸುಮ್ಮನಾಯ್ತು?

ಜಿಮ್ ಜಾರ್ಮುಶ್‌ನ 'ಓನ್ಲಿ ಲವರ್ಸ್ ಲೆಫ್ಟ್ ಅಲೈವ್' (2013) ಸಿನಿಮಾದ ಕಥೆ ಮರೆತವರಿಗೂ ಅದರ ಸದ್ದು ನೆನಪಿರತ್ತೆ. ಶತಮಾನಗಳಿಂದ ಬದುಕಿರೋ ಇಬ್ಬರು ರಕ್ತಪಿಶಾಚಿಗಳು, ಡೆಟ್ರಾಯಿಟ್‌ನ ಖಾಲಿ ಬೀದಿಗಳು, ಗುಂಯ್‌ಗುಡೋ ಎಲೆಕ್ಟ್ರಿಕ್ ಗಿಟಾರ್, ಅದರ ಮೇಲೆ ಹನಿಹನಿಯಾಗಿ ಬೀಳುವ ಒಂದು ತಂತಿವಾದ್ಯ. ಆ ವಾದ್ಯ ಲ್ಯೂಟ್. ನುಡಿಸಿದ್ದು ಡಚ್ ಕಲಾವಿದ ಯೋಜೆಫ್ ವಾನ್ ವಿಸೆಮ್. ಕಾನ್‌ನಲ್ಲಿ ಆ ವರ್ಷದ ಸೌಂಡ್‌ಟ್ರ್ಯಾಕ್ ಪ್ರಶಸ್ತಿ ಬಂದಿದ್ದೂ ಇದಕ್ಕೇ.

ಚಿತ್ರದ ಕೊನೆಗೆ ಟ್ಯಾಂಜಿಯರ್‌ನಲ್ಲಿ ನಾಯಕಿ ಕೊಂಡು ತರೋದು ಊದ್. ಲ್ಯೂಟ್‌ನ ತಾಯಿ ಅದು. ಅರಬ್ಬರ 'ಅಲ್-ಊದ್' ಸ್ಪೇನ್ ಮೂಲಕ ಯುರೋಪಿಗೆ ಹೋಯ್ತು, ಹೆಸರೂ ಸವೆದು 'ಲ್ಯೂಟ್' ಆಯ್ತು. ಅಲ್ಲಿಯವರು ಅದರ ಕುತ್ತಿಗೆಗೆ ಕರುಳಿನ ದಾರದಿಂದ ಮೆಟ್ಟಿಲು ಕಟ್ಟಿದರು. 15ನೇ ಶತಮಾನದ ಕೊನೆಯ ಹೊತ್ತಿಗೆ ಕಡ್ಡಿ ಬಿಟ್ಟು ಬೆರಳಿಂದ ಮೀಟತೊಡಗಿದರು. ಒಬ್ಬನೇ ಕೂತು ಮೂರ್ನಾಲ್ಕು ದನಿ ಒಟ್ಟಿಗೆ ನುಡಿಸಬಹುದು! ಮುಂದಿನ ನೂರು ವರ್ಷ ಅದರದ್ದೇ ರಾಜ್ಯಭಾರ. ಇಂಗ್ಲೆಂಡಿನ ಜಾನ್ ಡೌಲಂಡ್ 1604ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದ ಹೆಸರೇ 'ಲಾಕ್ರಿಮೆ', ಅಂದರೆ ಕಣ್ಣೀರು. ಹಾಗಾಗಿ ವಾನ್ ವಿಸೆಮ್‌ನ ಕತ್ತಲೆ ಹೊಸದೇನಲ್ಲ, ಪಿತ್ರಾರ್ಜಿತ.

ಆಮೇಲೆ ತಂತಿಗಳು ಹೆಚ್ಚುತ್ತಾ ಹೋದವು. ಬಾಖ್‌ನ ಸಮಕಾಲೀನ ವೈಸ್‌ನ ಕಾಲಕ್ಕೆ 24. ಎಂಬತ್ತು ವರ್ಷ ಬದುಕಿದ ಲ್ಯೂಟ್ ವಾದಕ ಅರವತ್ತು ವರ್ಷ ಶ್ರುತಿ ಮಾಡೋದ್ರಲ್ಲೇ ಕಳೆದಿರ್ತಾನೆ ಅಂತ ಮ್ಯಾಥೆಸನ್ 1713ರಲ್ಲೇ ಗೇಲಿ ಮಾಡಿದ್ದ. ಆದರೆ ಅದನ್ನು ಕೊಂದಿದ್ದು ಶ್ರುತಿಯ ರಗಳೆಗಿಂತ ಹೆಚ್ಚಾಗಿ ಅದರ ಮೆಲುದನಿ ಅನ್ನೋದು ನನ್ನ ಲೆಕ್ಕ. ಸಂಗೀತ ಅರಮನೆಯ ಕೋಣೆಯಿಂದ ದೊಡ್ಡ ಸಭಾಂಗಣಕ್ಕೆ ಬಂತು, ಪಿಯಾನೋ ಬಂತು. ಹಿಂದಿನ ಬೆಂಚಿಗೆ ಕೇಳಿಸದ ವಾದ್ಯ ಯಾರಿಗೆ ಬೇಕು?

ಆರ್ನಲ್ಡ್ ಡಾಲ್ಮೆಚ್, ಆಮೇಲೆ ಜೂಲಿಯನ್ ಬ್ರೀಮ್ ಥರದವರು ಅದನ್ನು ಮತ್ತೆ ಎಬ್ಬಿಸಿದರು. ದೊಡ್ಡ ಕೆಲಸವೇ. ಆದರೆ ಎದ್ದ ವಾದ್ಯ ಬಹುಪಾಲು ಹಳೇ ಸಂಗೀತದ ಕೋಣೆಯಲ್ಲೇ ಉಳೀತು: ಸರಿಯಾದ ತಂತಿ, ಸರಿಯಾದ ಗಮಕ, ಸರಿಯಾದ ಶತಮಾನ. ನ್ಯೂಯಾರ್ಕಿನಲ್ಲಿ ಪ್ಯಾಟ್ರಿಕ್ ಒಬ್ರಿಯನ್ ಹತ್ತಿರ ಶಾಸ್ತ್ರೀಯವಾಗಿ ಕಲಿತ ವಾನ್ ವಿಸೆಮ್ ಈ ಮಡಿ ಮುರಿದ. ಹಳೇ ಕೃತಿಗಳನ್ನು ಕೊನೆಯಿಂದ ಮೊದಲಿಗೆ ನುಡಿಸಿದ. 'ಕುಬೇರನ' ಹಾಗೆ... ಅಲ್ಲಲ್ಲ, 'ವಿಕಟಕವಿ' ಹಾಗೆ ಹಿಂದೆ-ಮುಂದೆ ಒಂದೇ ಆಗಿರೋ ರಚನೆಗಳನ್ನು ಮಾಡಿದ. ಲ್ಯೂಟ್‌ನ ಸ್ವರ ಬೇಗ ಆರಿಹೋಗತ್ತೆ. ಹಳಬರು ಆ ಖಾಲಿಯನ್ನು ಅಲಂಕಾರದಿಂದ ತುಂಬಿದರು. ಈತ ಖಾಲಿ ಬಿಡ್ತಾನೆ. ಮೂರೋ ನಾಲ್ಕೋ ಸ್ವರ, ಅದೇ ಮತ್ತೆ, ನಡುವೆ ಮೌನ. ಹಿಂದಿನ ಬೆಂಚಿನ ಚಿಂತೆ ಮೈಕಿಗೆ ಬಿಟ್ಟಿದ್ದು.

ಕೆಲವು ಆಲ್ಬಂ ನನಗೆ ನಿದ್ದೆ ತರಿಸಿದ್ದೂ ಉಂಟು. ಮೊದಲು ಡೌಲಂಡ್, ಆಮೇಲೆ ಇವನು, ಹೀಗೆ ಕೇಳಿ ನೋಡಿ. ಒಳ್ಳೇ ಹೆಡ್‌ಫೋನ್ ಇರಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾರಿನ ಸ್ಪೀಕರ್‌ಗೆ ಹಾಕಿದರೆ ಪಕ್ಕದ ಆಟೋದ ಹಾರನ್ನೇ ಗೆಲ್ಲೋದು.