ಮನೋರೋಗದ ಔಷಧಿ ಮತ್ತು ಮಿತಿಮೀರಿದ ಜ್ವರ: ಮಿದುಳಿನಲ್ಲಿ ಆಗುವುದೇನು?

ಮನೋರೋಗದ ಮಾತ್ರೆ ಅಥವಾ ಚುಚ್ಚುಮದ್ದು ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಗೆ ಜ್ವರ ಏರಿ, ಕೈಕಾಲು ಕೊರಡಿನಂತೆ ಬಿಗಿದುಕೊಂಡರೆ ಅದನ್ನು ಸಾಧಾರಣ ಜ್ವರವೆಂದು ಕಡೆಗಣಿಸಬಾರದು. ಅದು ‘ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್’ ಆಗಿರಬಹುದು. ಇದು ಅಪರೂಪ, ಆದರೆ ಪ್ರಾಣಾಪಾಯಕಾರಿ. ಹ್ಯಾಲೊಪೆರಿಡಾಲ್ ಪಡೆದ ರೋಗಿಗಳಲ್ಲಿ ಇದನ್ನು 1960ರಲ್ಲಿ ಫ್ರೆಂಚ್ ವೈದ್ಯರು ವಿವರಿಸಿದರು. ಒಲಾಂಝಪೈನ್, ರಿಸ್ಪೆರಿಡೋನ್‌ನಂಥ ಹೊಸ ಔಷಧಿಗಳಿಂದಲೂ ಇದು ಬರಬಹುದು.

ಕಾರಣವೇನು?

ಮಿದುಳಿನ ನರಕೋಶಗಳು ಸಂದೇಶ ರವಾನಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಈ ಔಷಧಿಗಳು ಡೋಪಮೈನ್ ಗ್ರಾಹಕಗಳನ್ನು ತಡೆಯುತ್ತವೆ. ಭ್ರಮೆ, ಸಂಶಯಗಳು ತಗ್ಗುವುದು ಇದರಿಂದಲೇ. ಆದರೆ ಕೆಲವರಲ್ಲಿ ಈ ತಡೆ ಅತಿಯಾಗುತ್ತದೆ ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ದೇಹದ ಶಾಖವನ್ನು ನಿಯಂತ್ರಿಸುವ ಹೈಪೋಥಲಾಮಸ್‌ನಲ್ಲಿ ಹೀಗಾದರೆ ಜ್ವರ ಏರುತ್ತದೆ. ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಾದರೆ ಸ್ನಾಯು ಬಿಗಿಯುತ್ತದೆ. ಬಿಗಿದ ಸ್ನಾಯು ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಜೊತೆಗೆ ಅಡ್ರಿನಲಿನ್ ವರ್ಗದ ರಾಸಾಯನಿಕಗಳು ಉಕ್ಕಿ ಬೆವರು, ನಾಡಿಬಡಿತ, ರಕ್ತದೊತ್ತಡಗಳು ಏರುಪೇರಾಗುತ್ತವೆ. ಪಾರ್ಕಿನ್ಸನ್ ಕಾಯಿಲೆಯವರು ಡೋಪಮೈನ್ ಹೆಚ್ಚಿಸುವ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೂ ಇಂಥದೇ ಸ್ಥಿತಿ ಬರುವುದು ಈ ವಿವರಣೆಗೆ ಪುಷ್ಟಿ ಕೊಡುತ್ತದೆ.

ಲಕ್ಷಣಗಳು

ಜ್ವರ, ಸ್ನಾಯು ಬಿಗಿತ, ಮಂಕು ಅಥವಾ ಗೊಂದಲ, ನಾಡಿ ಮತ್ತು ರಕ್ತದೊತ್ತಡದ ಏರಿಳಿತ ಇವು ನಾಲ್ಕು ಮುಖ್ಯ ಲಕ್ಷಣಗಳು. ಹೆಚ್ಚಾಗಿ ಔಷಧಿ ಆರಂಭಿಸಿದ ಅಥವಾ ಪ್ರಮಾಣ ಏರಿಸಿದ ಮೊದಲ 2 ವಾರಗಳಲ್ಲಿ ಕಾಣಿಸುತ್ತವೆ. ರಕ್ತದಲ್ಲಿ ಸಿ.ಕೆ. ಎಂಬ ಸ್ನಾಯು ಕಿಣ್ವ ಏರಿರುತ್ತದೆ. ಸ್ನಾಯು ಕರಗಿ ಮೂತ್ರ ಕಪ್ಪಾದರೆ ಮೂತ್ರಪಿಂಡಕ್ಕೆ ಅಪಾಯ.

ಮನೆಯವರು ಏನು ಮಾಡಬೇಕು?

ಬೈಲಹೊಂಗಲ ಭಾಗದ ದೊಡವಾಡದಂಥ ಊರುಗಳಲ್ಲಿ ಬೇಸಿಗೆಯ ಬಿಸಿಲಿನ ಹೊಲಗೆಲಸ, ನೀರು ಕುಡಿಯದಿರುವುದು ಅಪಾಯವನ್ನು ಹೆಚ್ಚಿಸಬಲ್ಲವು. ಈ ಲಕ್ಷಣಗಳು ಕಂಡರೆ ಮುಂದಿನ ಮಾತ್ರೆ ಕೊಡದೆ, ಮಾತ್ರೆಗಳ ಚೀಟಿಯೊಂದಿಗೆ ತುರ್ತು ನಿಗಾ ಘಟಕವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. 108ಕ್ಕೆ ಕರೆ ಮಾಡಬಹುದು. ಅಲ್ಲಿ ಔಷಧಿ ನಿಲ್ಲಿಸಿ, ಸಲೈನ್ ಕೊಟ್ಟು, ಮೈ ತಂಪು ಮಾಡುತ್ತಾರೆ. ಅಗತ್ಯವಿದ್ದರೆ ಲೊರಾಝೆಪಾಮ್, ಬ್ರೋಮೊಕ್ರಿಪ್ಟೀನ್, ಡ್ಯಾಂಟ್ರೊಲೀನ್ ಬಳಸುತ್ತಾರೆ. ಬೇಗ ಗುರುತಿಸಿದರೆ ಹೆಚ್ಚಿನವರು ಗುಣವಾಗುತ್ತಾರೆ.

ಆದರೆ ಈ ಭಯದಿಂದ ಆರೋಗ್ಯವಾಗಿರುವ ರೋಗಿಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮೂಲ ಕಾಯಿಲೆ ಮರುಕಳಿಸುತ್ತದೆ. ಗುಣವಾದವರಿಗೆ ಸಾಮಾನ್ಯವಾಗಿ ಕನಿಷ್ಠ 2 ವಾರ ಕಳೆದ ಮೇಲೆ ಬೇರೆ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಬಹುದು. ಇದನ್ನು ಮನೋವೈದ್ಯರೇ ನಿರ್ಧರಿಸಬೇಕು. ಈ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ.