ಸದಲಗಾ, ಶೇಡಬಾಳದ ಓದು: ಗಡಿಸೀಮೆಯ ಬರಹಗಾರರನ್ನು ರೂಪಿಸಿದ ಗ್ರಂಥಗಳು

ಒಬ್ಬ ಬರಹಗಾರನ ಮೇಲೆ ಯಾವ ಪುಸ್ತಕಗಳ ಋಣವಿದೆ ಎಂದು ಹುಡುಕಹೊರಟಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಆತ ಬರೆದ ಭಾಷೆಯ ಗಡಿ ದಾಟುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಈ ಕ್ರಮ ಸಾಲದು. ಇಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತ ಮತ್ತು ಸಂಸ್ಕೃತ. ರಾಯಬಾಗ, ಕುಡಚಿ, ಶೇಡಬಾಳ ಹಾದು ಮಿರಜಿಗೆ ಹೋಗುವ ರೈಲು ಈ ಸೀಮೆಯನ್ನು ಸಾಂಗಲಿ, ಕೊಲ್ಲಾಪುರಗಳಿಗೆ ಹತ್ತಿರ ಮಾಡಿತ್ತು. ಈ ಬಹುಭಾಷಿಕ ಓದೇ ಇಲ್ಲಿನ ಬರಹಗಾರರ ಕೈಗೆ ಕೆಲಸದ ಹತಾರವನ್ನು ಕೊಟ್ಟಿತು ಎಂಬುದು ನನ್ನ ವಾದ.

ಆದಿನಾಥ ನೇಮಿನಾಥ ಉಪಾಧ್ಯೆ (1906–1975) ಇದಕ್ಕೆ ಮೊದಲ ಸಾಕ್ಷಿ. ದೂಧಗಂಗೆಯ ದಂಡೆಯ ಸದಲಗಾದಲ್ಲಿ ಹುಟ್ಟಿದ ಅವರು ಎಂ.ಎ. ಮುಗಿಸಿ 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜು ಸೇರಿದರು. ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿದ ಕೆ.ಜಿ. ಕುಂದಣಗಾರರು ಅಲ್ಲಿಯೇ ಇದ್ದರು. ಮುಂಬೈಯಲ್ಲಿ ಮಾಣಿಕಚಂದ್ರ ಗ್ರಂಥಮಾಲೆಯನ್ನು ಮುನ್ನಡೆಸುತ್ತಿದ್ದ ನಾಥೂರಾಮ ಪ್ರೇಮಿಯವರ ಸ್ನೇಹವೂ ದೊರೆಯಿತು. ಉಪಾಧ್ಯೆಯವರನ್ನು ಗಾಢವಾಗಿ ಹಿಡಿದ ಲೇಖಕ ಕುಂದಕುಂದಾಚಾರ್ಯ. ಆ ಆಚಾರ್ಯರ 'ಪ್ರವಚನಸಾರ'ದ 1935ರ ಸಂಪುಟಕ್ಕೆ ಉಪಾಧ್ಯೆಯವರು ಇಂಗ್ಲಿಷಿನಲ್ಲಿ ಬರೆದ, ನೂರು ಪುಟ ಮೀರಿದ ಪೀಠಿಕೆಯೇ ಒಂದು ಸ್ವತಂತ್ರ ಗ್ರಂಥದಷ್ಟಿದೆ.

ನನ್ನ ವಾದಕ್ಕೆ ಹೆಚ್ಚು ಬಲ ಕೊಡುವುದು 1937ರಲ್ಲಿ ಪ್ರಕಟವಾದ 'ಪರಮಾತ್ಮಪ್ರಕಾಶ'. ಇದು ಯೋಗೀಂದು ಅಪಭ್ರಂಶದಲ್ಲಿ ರಚಿಸಿದ ದೋಹೆಗಳ ಕೃತಿ. ಉತ್ತರದಲ್ಲಿ ಪ್ರಚಾರದಲ್ಲಿದ್ದ ಪಾಠದ ಜೊತೆಗೆ ಉಪಾಧ್ಯೆಯವರು ಕನ್ನಡ ಲಿಪಿಯ ಓಲೆಗರಿ ಪ್ರತಿಗಳನ್ನೂ ಇಟ್ಟು ನೋಡಿದರು. ಹಲವು ದೋಹೆಗಳು ಆ ಗರಿಗಳಲ್ಲಿ ಇಲ್ಲವೇ ಇಲ್ಲ. ಹೀಗೆ ಅದೇ ಕೃತಿಯ ಸಂಕ್ಷಿಪ್ತ ಪಾಠವೊಂದು ಬೆಳಕಿಗೆ ಬಂತು. ಕೆಲವು ಪ್ರತಿಗಳಲ್ಲಿದ್ದ ಕನ್ನಡ ಟೀಕೆಗಳನ್ನೂ ಅವರು ಬಿಡದೆ ಪರಿಶೀಲಿಸಿದರು. ಅಪಭ್ರಂಶ ಬಲ್ಲವರು ಆಗ ದೇಶದಲ್ಲಿ ಬೇರೆಯವರೂ ಇದ್ದರು. ಅಪಭ್ರಂಶದೊಡನೆ ಹಳೆಯ ಕನ್ನಡ ಟೀಕೆಯನ್ನೂ ಓದಬಲ್ಲವರು ವಿರಳ. ಆ ಸಾಮರ್ಥ್ಯವನ್ನು ಅವರು ಹುಟ್ಟೂರಿಗೂ ಮನೆಮಾತಿಗೂ ಋಣಿಯಾಗಿ ಪಡೆದರೆಂದೇ ನಾನು ತಿಳಿಯುತ್ತೇನೆ.

1943ರಲ್ಲಿ ಹೊರಬಂದ ಹರಿಷೇಣನ 'ಬೃಹತ್ಕಥಾಕೋಶ'ದ ಪೀಠಿಕೆಯಲ್ಲೂ ಇದೇ ರೀತಿ. ಆರಾಧನಾ ಕಥೆಗಳ ಪರಂಪರೆಯನ್ನು ಪ್ರಾಕೃತ, ಸಂಸ್ಕೃತಗಳಲ್ಲಿ ಜಾಡು ಹಿಡಿದು ಬಂದ ಅವರು ಕನ್ನಡದ 'ವಡ್ಡಾರಾಧನೆ'ಯನ್ನು ಆ ಸಾಲಿನಲ್ಲೇ ನಿಲ್ಲಿಸಿ ಚರ್ಚಿಸುತ್ತಾರೆ. 'ವಡ್ಡಾರಾಧನೆ'ಯ ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆ ಪ್ರಕಟವಾದದ್ದು ಇದಾದ ಮೇಲೆ, 1949ರಲ್ಲಿ. ಉಪಾಧ್ಯೆಯವರ ಹೆಚ್ಚಿನ ಬರವಣಿಗೆ ಇಂಗ್ಲಿಷಿನಲ್ಲಿದ್ದರೂ 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದ್ದು ಸರಿಯಾದ ಗೌರವ.

ಸದಲಗಾದ ಇನ್ನೊಬ್ಬರು ಆಚಾರ್ಯ ವಿದ್ಯಾಸಾಗರ (1946–2024). ಕನ್ನಡ ಮನೆಮಾತಿನ ಇವರು 1968ರಲ್ಲಿ ಅಜ್ಮೇರಿನಲ್ಲಿ ದೀಕ್ಷೆ ಪಡೆದರು. ದೀಕ್ಷೆ ಕೊಟ್ಟ ಜ್ಞಾನಸಾಗರರು ಸ್ವತಃ ಸಂಸ್ಕೃತ ಮಹಾಕಾವ್ಯಗಳ ಕವಿ. ಶಿಷ್ಯ ಹಿಂದಿಯಲ್ಲಿ 'ಮೂಕ ಮಾಟಿ' (1988) ಎಂಬ ಮಹಾಕಾವ್ಯವನ್ನೇ ಬರೆದರು. ಇಲ್ಲಿ ಪುಸ್ತಕಕ್ಕಿಂತ ಗುರುವಿನ ಪಾತ್ರ ದೊಡ್ಡದು.

ಬಸದಿಯ ಓದಿನಿಂದಲೇ ಎಲ್ಲವನ್ನೂ ವಿವರಿಸಿದರೆ ತಪ್ಪಾದೀತು. ನಿಪ್ಪಾಣಿಯ ಮಹಾದೇವ ಮೋರೆ ಹಿಟ್ಟಿನ ಗಿರಣಿ ನಡೆಸುತ್ತಲೇ ದುಡಿಯುವ ಜನರ ಬದುಕನ್ನು ಮರಾಠಿ ಕಥೆಗೆ ತಂದರು. ಗಿರಣಿಗೆ ಬರುವವರ ಮಾತನ್ನು ಕೇಳಿಸಿಕೊಂಡ ಕಿವಿ ಆ ಕಥೆಗಳಲ್ಲಿದೆ.

ಕನ್ನಡ ಸೃಜನಶೀಲ ಸಾಹಿತ್ಯದ ಮಟ್ಟಿಗೆ ನನಗೆ ಅತಿ ಮುಖ್ಯರಾಗಿ ಕಾಣುವವರು ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975). ಶೇಡಬಾಳ ಆಗ ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕಿನಲ್ಲಿದೆ. ಶಾಲಾ ಮಾಸ್ತರರಾಗಿದ್ದ ಅವರ ಓದಿನ ಎರಡು ದಿಕ್ಕುಗಳನ್ನು ಅವರ ಕೃತಿಗಳೇ ತೋರಿಸುತ್ತವೆ. ಒಂದು ಕಡೆ 'ಜೈನಧರ್ಮ'ವೆಂಬ ಶಾಸ್ತ್ರಗ್ರಂಥ, ಇನ್ನೊಂದು ಕಡೆ ಬೇಂದ್ರೆಯವರ ಕಾವ್ಯವನ್ನು ಕುರಿತ 'ದತ್ತವಾಣಿ'. ಆಡುಮಾತಿನಿಂದ ಕಾವ್ಯ ಕಟ್ಟಿದ ಕವಿಯಲ್ಲಿ ಅಷ್ಟು ತನ್ಮಯರಾದವರು 'ನಿಸರ್ಗ' ಕಾದಂಬರಿಯಲ್ಲಿ ತಮ್ಮ ಸೀಮೆಯ ಜೈನ ಒಕ್ಕಲು ಮನೆತನದ ಜನರನ್ನು ಬೆಳಗಾವಿ ಕಡೆಯ ಮಾತಿನಲ್ಲೇ ಮಾತಾಡಿಸಿದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ. ಶಾಸ್ತ್ರದ ಓದು ಆ ಕುಟುಂಬದ ಆಚಾರ, ಕಟ್ಟುಪಾಡುಗಳನ್ನು ಒಳಗಿನಿಂದ ಬರೆಯುವ ಅಧಿಕಾರ ಕೊಟ್ಟಿತು. ಬೇಂದ್ರೆಯವರ ಓದು ಆಡುನುಡಿಯ ಬಗ್ಗೆ ಧೈರ್ಯ ಕೊಟ್ಟಿತು. 'ನಿಸರ್ಗ'ವನ್ನು ಪ್ರಾದೇಶಿಕ ಕಾದಂಬರಿ ಎಂದಷ್ಟೇ ಕರೆದು ಮುಂದೆ ಹೋಗುವ ವಿಮರ್ಶಕರು ಇವೆರಡರಲ್ಲಿ ಎರಡನೆಯದನ್ನು ಮಾತ್ರ ಗಮನಿಸಿದ್ದಾರೆ. ಆ ಕಾದಂಬರಿಯನ್ನು 'ಜೈನಧರ್ಮ'ದ ಪಕ್ಕದಲ್ಲಿಟ್ಟು ಓದುವ ಕೆಲಸ ನಡೆಯಬೇಕು.